ಆರಪಾರ ಕಲ್ಲು

ಪೆಟ್ಟಿಗೆ ಹೊತ್ತ ನಾಲ್ವರೂ ಚರ್ಚಿನ ಬಾಗಿಲ ಮುಂದೆ ಬಂದು ನಿಂತುಬಿಟ್ಟರು. ಬಾಗಿಲಿಗೆ ಅಂಗೈ ಅಗಲದ ಕೀಲಿ ಬಿದ್ದಿತ್ತು. ಮುಂದಿನ ತುದಿಗೆ ಹೆಗಲು ಕೊಟ್ಟಿದ್ದ ಕಲ್ಲಪ್ಪ ಕುತ್ತಿಗೆ ಹೊರಳಿಸಿ ಕೇಳಿದ.

“ಯಕ್ಕಾ, ಕೆಳಗ ಇಡೂಣೇನ?”

“ಇಡಬ್ಯಾಡ್ರಿ,” ಎಂದಳು ಸಾತವ್ವ. “ಒಮ್ಮಿ ನೆಲಕ್ಕ ಇಟ್ರಿ ಅಂದ್ರ ಇಲ್ಲೇ ಪ್ರಾರ್ಥನಾ ಮುಗಿಸಿ ಕುಣಿಗೆ ಒಯ್ತಾರ. ಕೀಲಿ ತಗಸೂತನಾ ಹಿಂಗ ನಿಂದರ್ರಿ.”

“ನಿಂದರ್ತೇವು. ಆದ್ರ ನಮಗೂ ಅರವತ್ತ ದಾಟ್ಯಾವ, ನೆನಪಿರ್ಲಿ. ಜೀವ ಇದ್ದಾಗ ಕಲ್ಲ ಹೊರಸಿದಾ, ಈಗ ತಾನ ಕಲ್ಲಾಗಿ ಹೆಗಲ ಏರ್ಯಾನ ಮಗಾ.”

ಹಿಂದಿನವರಲ್ಲಿ ಯಾರೋ ನಕ್ಕರು. ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಪೆಟ್ಟಿಗೆಯಲ್ಲಿದ್ದವನು ಉದ್ದಪ್ಪ. ಸಾತವ್ವನ ಗಂಡ, ಕಲ್ಲಿನ ಗೋಡೆ ಕಟ್ಟುವ ಗೌಂಡಿ. ನಲವತ್ತು ವರ್ಷ ಒಡೆದ ಕಲ್ಲಿನ ಧೂಳೆಲ್ಲ ಎದೆಯಲ್ಲಿ ಕೂತು, ನಿನ್ನೆ ಮುಂಜಾನೆ ಕೆಮ್ಮುತ್ತಲೇ ತೀರಿಕೊಂಡಿದ್ದ. ಘಟಪ್ರಭಾದಿಂದ ಹುಕ್ಕೇರಿಗೆ ಹೋಗುವ ದಾರಿ ಬಿಟ್ಟು ಎರಡು ಮೈಲಿ ಒಳಗಿದ್ದ ಆ ಊರಿನಲ್ಲಿ ಚರ್ಚಿಗೆ ನಡೆದುಕೊಳ್ಳುವ ಮನೆಗಳು ನಲವತ್ತು. ಮುತ್ತಜ್ಜಂದಿರ ಕಾಲದಿಂದ ಆ ಮನೆಗಳಲ್ಲಿ ಯಾರೇ ಸತ್ತರೂ ಹೆಣ ಮೊದಲು ಕಲ್ಲಿನ ಚರ್ಚಿನೊಳಗೆ ಹೋಗಬೇಕು, ದೇವರ ಮೇಜಿನ ಮುಂದೆ ಒಂದು ಪ್ರಾರ್ಥನೆಯಷ್ಟು ಹೊತ್ತು ಇರಬೇಕು, ಆಮೇಲೆ ಬಯಲಿನಾಚೆಯ ಮಣ್ಣಿಗೆ. ಒಳಗೆ ಒಯ್ಯದೆ ಹೊರಗಿನಿಂದ ಹೊರಗೇ ಹೂಳುತ್ತಿದ್ದದ್ದು ನೇಣು ಹಾಕಿಕೊಂಡವರನ್ನು ಮಾತ್ರ.

ಹೋದ ವರ್ಷ ಇಂಜಿನಿಯರುಗಳು ಬಂದು, ಭೂಮಿ ನಡುಗಿದರೆ ಈ ಚರ್ಚಿನ ಉತ್ತರದ ಗೋಡೆ ನಿಲ್ಲುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಅಂದಿನಿಂದ ಕೀಲಿ. ಕೀಲಿ ಬಿದ್ದ ಮೇಲೆ ಸತ್ತವರಲ್ಲಿ ಉದ್ದಪ್ಪನೇ ಮೊದಲಿಗ. ಅದನ್ನು ಹಾಕಿಸಿದವನೂ ಅವನೇ ಎಂಬುದು ಊರಿಗೆಲ್ಲ ಗೊತ್ತಿತ್ತು.

“ತನ್ನ ಬಾಯಿಲೆ ಬಾಗಲಾ ಮುಚ್ಚಿಸಿದಾಂವಗ ಈಗ ಒಳಗ ಹೋಗೂ ಆಸೆ,” ಎಂದಳು ನೆರೆಮನೆಯ ಬಾಳವ್ವ, ಪಕ್ಕದವಳಿಗೆ ಹೇಳಿದಂತೆ, ಆದರೆ ಎಲ್ಲರಿಗೂ ಕೇಳುವಂತೆ.

“ಅಂವಗೆಲ್ಲಿ ಆಸೆ, ಅಂವ ಮಕ್ಕೊಂಡಾನ,” ಎಂದಳು ಸಾತವ್ವ. “ಆಸೆ ನಂದು.”

ಚರ್ಚು ಕಮಿಟಿಯ ಅಧ್ಯಕ್ಷ ರಾಜಪ್ಪ ಬಿಳಿ ಅಂಗಿಯ ತೋಳು ಸರಿಮಾಡಿಕೊಳ್ಳುತ್ತ ಬಂದ. ಎಪ್ಪತ್ತು ದಾಟಿದರೂ ನೆಟ್ಟಗೆ ನಡೆಯುವ ಆಳು. ಕೀಲಿಕೈ ಅವನ ಜೇಬಿನಲ್ಲಿರುತ್ತಿತ್ತು.

“ರಾಜಪ್ಪಣ್ಣಾ, ಕೀಲಿ ತಗೀ.”

“ತಂಗೀ, ನನ್ನ ಕೈಯಾಗ ಏನೈತಿ? ಒಳಗ ಕಾಲ ಇಡಬಾರದು ಅಂತ ಕಾಗದ ಬರದಾರ. ನಾಳಿಗಿ ಏನರೆ ಆತಂದ್ರ ಅಧ್ಯಕ್ಷನ ಕುತಗಿಗೆ ಬರ್ತೈತಿ.”

“ಕ್ರಿಸ್‌ಮಸ್‌ಗೆ ನಿನ್ನ ಸೊಸಿ, ಮೊಮ್ಮಕ್ಕಳು ಒಳಗ ನಿಂತು ಫೋಟೋ ತಗಸ್ಕೊಂಡ್ರು. ಅವತ್ತ ಕಾಗದ ಎಲ್ಲಿ ಹೋಗಿತ್ತು?”

“ಅದೇನ, ಎರಡ ನಿಮಿಷ.”

“ಇಂವಗೂ ಎರಡ ನಿಮಿಷ ಸಾಕು. ಇಂವೇನ ಹಲ್ಲ ಕಿಸದು ಫೋಟೋಕ್ಕ ನಿಂದರೂದಿಲ್ಲ.”

ಗೋಕಾಕದಿಂದ ಬೈಕಿನಲ್ಲಿ ಬಂದಿದ್ದ ಪಾದ್ರಿ ಸಣ್ಣ ವಯಸ್ಸಿನವರು. ಮಧ್ಯಾಹ್ನ ಮೂಡಲಗಿಯಲ್ಲಿ ಅವರಿಗೆ ಇನ್ನೊಂದು ಪ್ರಾರ್ಥನೆ ಇತ್ತು. “ಅಮ್ಮಾ, ದೇವರು ಹೊರಗೂ ಇದ್ದಾನೆ,” ಎಂದರು ಮೆಲ್ಲಗೆ.

“ಖರೆ ಅಯ್ಯನೋರ. ಆದ್ರ ಹೊರಗಿನ ದೇವರ ಕಡೆ ನೇಣ ಹಾಕ್ಕೊಂಡಾವರನ್ನ ಕಳಸ್ತೀರಿ. ನನ್ನ ಗಂಡ ಕೆಮ್ಮಿ ಸತ್ತಾನ್ರಿ.”

ಪಾದ್ರಿ ಕೈಗಡಿಯಾರ ನೋಡಿಕೊಂಡರು. ಕಲ್ಲಪ್ಪ ಹೆಗಲು ಬದಲಿಸಿದ.

* * *

ಮೂವತ್ತೈದು ವರ್ಷದ ಹಿಂದೆ, ಒಂದು ಮಳೆಗಾಲದಲ್ಲಿ, ಉತ್ತರದ ಗೋಡೆ ಬಸುರಿಯ ಹಾಗೆ ಹೊಟ್ಟೆ ಉಬ್ಬಿ, ಒಂದು ಮಧ್ಯಾಹ್ನ ಕುಸಿದು ಕೂತಿತ್ತು. ಮಾಡಿಗೆ ಕಂಬ ಕೊಟ್ಟು ನಿಲ್ಲಿಸಿ, ಗೋಡೆಯನ್ನು ಮತ್ತೆ ಕಟ್ಟುವ ಕೆಲಸ ಉದ್ದಪ್ಪನಿಗೆ ಬಂತು. ಅಲ್ಲಿಯತನಕ ಬೇರೆಯವರ ಕೈಕೆಳಗೆ ಕಲ್ಲು ಹೊರುತ್ತಿದ್ದವನಿಗೆ ಅದು ಮೊದಲ ಸ್ವಂತ ಕೆಲಸ. ಕೊಡಿಸಿದವನು ರಾಜಪ್ಪ, ಆಗ ಅವನು ಕಮಿಟಿಯ ಕಾರ್ಯದರ್ಶಿ.

ಹಳೆಯ ಕಾಲದ ಕಲ್ಲಿನ ಗೋಡೆ ಒಂದು ಗೋಡೆಯಲ್ಲ, ಎರಡು. ಹೊರಗೊಂದು ಮುಖ, ಒಳಗೊಂದು ಮುಖ, ನಡುವೆ ಮಣ್ಣು ಮತ್ತು ಚೂರುಕಲ್ಲು. ಎರಡನ್ನೂ ಹಿಡಿದು ನಿಲ್ಲಿಸುವುದು ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲು. ಗೌಂಡಿಗಳು ಅದನ್ನು ಆರಪಾರ ಕಲ್ಲು ಎನ್ನುತ್ತಾರೆ. ಕಟ್ಟಿ ಮುಗಿದ ಮೇಲೆ ಅದೂ ಉಳಿದ ಕಲ್ಲುಗಳಂತೆಯೇ ಕಾಣುತ್ತದೆ. ಅದಕ್ಕೇ ಅದರ ಮೂತಿಯ ಮೇಲೆ ಹೊರಗಡೆ ಸುಣ್ಣದ ಬೊಟ್ಟು ಇಡುವುದು ರೂಢಿ. ಬೊಟ್ಟು ಎಂದರೆ ಗೌಂಡಿಯ ಆಣೆ.

ಕಲ್ಲಪ್ಪನ ಎತ್ತಿನ ಗಾಡಿಯಲ್ಲಿ ಮೂವತ್ತೆರಡು ಉದ್ದನೆಯ ಕಲ್ಲು ಬಂದವು. ಮರುವಾರ ನೋಡಿದರೆ ಚರ್ಚಿನ ಮುಂದೆ ನಾಲ್ಕೇ ಉಳಿದಿದ್ದವು. ಮಿಕ್ಕವು ಅದೇ ಗಾಡಿಯಲ್ಲಿ ರಾಜಪ್ಪನ ಹೊಸ ಮನೆಗೆ ಹೋಗಿ ಮೆಟ್ಟಿಲಾಗಿ ಕೂತಿದ್ದವು.

“ಅಣ್ಣಾರ, ಅವಿಲ್ಲದ ಗ್ವಾಡಿ ನಿಂದರೂದಿಲ್ರಿ,” ಎಂದಿದ್ದ ಉದ್ದಪ್ಪ.

“ಎಲ್ಲಾ ನಿಂದರ್ತೈತಿ. ಈ ಕಡಿಂದೊಂದು ಆ ಕಡಿಂದೊಂದು ಸಣ್ಣ ಕಲ್ಲ ಹಚ್ಚು, ಮ್ಯಾಲೆ ಬೊಟ್ಟ ಇಡು. ಗ್ವಾಡಿ ಒಳಗ ಹೊಕ್ಕು ಯಾಂವ ನೋಡತಾನ? ಆಗಂಗಿಲ್ಲ ಅಂದ್ರ ಹೇಳು, ಮುಧೋಳದ ಗೌಂಡಿ ತಯಾರದಾನ.”

ಗೋಡೆ ಮುಗಿದ ದಿನ ಸುಣ್ಣದ ಬೋಗುಣಿ ಹಿಡಿದು ನಿಂತವಳು ಸಾತವ್ವನೇ. ಮದುವೆಯಾಗಿ ಆರು ತಿಂಗಳಾಗಿತ್ತು. ಗಂಡ ಏಣಿಯ ಮೇಲೆ ನಿಂತು ಬೆರಳದ್ದಿ ಬೊಟ್ಟಿಡುವುದನ್ನು ನೋಡಿ, “ಮದುಮಗಳಿಗೆ ಹಚ್ಚಿದಂಗ ಹಚ್ಚಾಕತ್ತಿಯಲ್ಲೋ, ನನಗೂ ಹಿಂಗ ಹಚ್ಚಿರಲಿಲ್ಲ,” ಎಂದು ನಕ್ಕಿದ್ದಳು. ಅವನು ನಗಲಿಲ್ಲ. ಮೂವತ್ತೆರಡು ಬೊಟ್ಟು ಇಟ್ಟು, ಇಳಿದು, ಕೈಯನ್ನು ಮೂರು ಸಲ ತೊಳೆದ.

ಅದಾದ ಮೂರು ವರ್ಷಕ್ಕೆ ಒಂದು ನಸುಕಿನಲ್ಲಿ ಅಡುಗೆಮನೆಯ ಪಾತ್ರೆಗಳು ತಮ್ಮಷ್ಟಕ್ಕೆ ಸಪ್ಪಳ ಮಾಡಿದವು. “ಆದಿಶೇಷ ಹೆಡಿ ಬದಲಿಸಿದಾ ನೋಡು,” ಎಂದ ಕಲ್ಲಪ್ಪ. ಸಂಜೆಗೆ ಗಡಿಯಾಚೆಯ ಕಿಲ್ಲಾರಿ ಭೂಕಂಪಕ್ಕೆ ನೆಲಸಮವಾದ ಸುದ್ದಿ ಬಂತು. ಕಲ್ಲು ಸರಿಸಲು ಆಳು ಬೇಕೆಂದಾಗ ಉದ್ದಪ್ಪ ಮೊದಲ ಲಾರಿಯಲ್ಲಿ ಹೋದ. ಹದಿನೈದು ದಿನ ಬಿಟ್ಟು ಬಂದವನು ಅಲ್ಲಿ ಕಂಡದ್ದರ ಬಗ್ಗೆ ಹೆಚ್ಚು ಹೇಳಲಿಲ್ಲ. ಗೋಡೆಗಳು ಕಡಲೆಬೇಳೆಯಂತೆ ಎರಡು ಹೋಳಾಗಿ, ಒಂದು ಹೋಳು ಬೀದಿಗೆ, ಒಂದು ಹೋಳು ಮಲಗಿದವರ ಮೇಲೆ ಬಿದ್ದಿದ್ದವು, ಅಷ್ಟೇ ಎಂದ.

ಬಂದ ಐತವಾರ ಚರ್ಚಿನಲ್ಲಿ ಹೆಂಗಸರ ಚಾಪೆಯ ಮೇಲೆ, ಉತ್ತರದ ಗೋಡೆಗೆ ಒರಗಿ ಕೂತಿದ್ದ ಸಾತವ್ವನನ್ನು ಕೈಹಿಡಿದು ಎಬ್ಬಿಸಿದ. ಬಾಗಿಲ ಬಳಿ, ಚಪ್ಪಲಿಗಳ ಬಾಜೂ ಕೂರಿಸಿದ.

“ಯಾಕ?”

“ಇಲ್ಲಿ ಗಾಳಿ ಬರ್ತೈತಿ.”

ಅವಳು ಮೂವತ್ತು ವರ್ಷ ಅಲ್ಲೇ ಕೂತಳು. “ಗಂಡ ನಿನ್ನ ಚಪ್ಪಲಿ ಕಾಯಾಕ ಇಟ್ಟಾನೇನ?” ಎಂದು ಬಾಳವ್ವ ಮೂವತ್ತು ವರ್ಷ ಕೇಳಿದಳು. ಏಳು ಸಮುದ್ರದಾಚೆಯ ಗಿಣಿಯಲ್ಲಿ ಜೀವ ಇಟ್ಟು ಬಂದ ರಾಕ್ಷಸನಿಗೆ ಊಟ, ನಿದ್ದೆ ಇರುವುದಿಲ್ಲವಂತೆ. ಉದ್ದಪ್ಪನ ಜೀವ ಎದುರಿಗಿನ ಗೋಡೆಯಲ್ಲೇ ಇತ್ತು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಅವನೊಬ್ಬ ಕಣ್ಣು ತೆರೆದು, ಆ ಗೋಡೆಯ ಬುಡದಲ್ಲಿ ಕೂತ ತಲೆಗಳನ್ನು ಎಣಿಸುತ್ತಿದ್ದ. ತನ್ನ ಮನೆಯದೊಂದನ್ನು ಮಾತ್ರ ಅವನು ಎಬ್ಬಿಸಿ ತಂದಿದ್ದ.

* * *

ವಿದ್ಯಾ ಬಂದದ್ದು ಹೋದ ವರ್ಷ. ಕಲ್ಲೋಳಿಯ ಒಕ್ಕಲುತನದ ಮನೆಯ ಹುಡುಗಿ. ಇಂಜಿನಿಯರಿಂಗ್ ಕಾಲೇಜಿನವರು ಈ ಭಾಗದ ಹಳೆಯ ಕಲ್ಲಿನ ಚರ್ಚುಗಳು ಭೂಕಂಪಕ್ಕೆ ತಡೆಯುತ್ತವೋ ಇಲ್ಲವೋ ನೋಡಲು ಕಳಿಸಿದ್ದ ತಂಡದಲ್ಲಿದ್ದಳು. ಟೇಪು ಹಿಡಿದು ಅಳೆದಳು, ಮರದ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟಳು, ಹೊರಗೆ ನಿಂತು ಬೊಟ್ಟು ಎಣಿಸಿದಳು.

“ಮೂವತ್ತೆರಡು! ಉಳದ ಊರಾಗ ಇಷ್ಟ ಇಲ್ಲ ಕಾಕಾ. ಈ ಗ್ವಾಡಿ ಯಾರ ಕಟ್ಟಿದ್ದು?”

“ನಾನವಾ.”

“ಭಾರೀ ಕಟ್ಟೀರಿ,” ಎಂದು ಹಾಳೆಯಲ್ಲಿ ಗುರುತು ಹಾಕಿಕೊಂಡಳು.

ಉದ್ದಪ್ಪ ಅವಳ ಹಿಂದೆಯೇ ಬಸ್ಸು ನಿಲ್ಲುವ ಜಾಗದವರೆಗೆ ನಡೆದ. ಒಂದು ಬಸ್ಸು ಬಂದು ಹೋಯಿತು. ಅವನು ಏನೋ ಹೇಳಲು ಬಂದವನೆಂದು ಕಂಡು ಅವಳೂ ಹತ್ತದೆ ನಿಂತಳು. ಎರಡನೆಯ ಬಸ್ಸಿನ ಧೂಳು ಕಂಡಾಗ ಅವನು ಹೇಳಿದ: “ತಂಗೀ, ನೀ ಬರದದ್ದ ಅಳಸು. ಇಪ್ಪತ್ತೆಂಟ ಬೊಟ್ಟ ಸುಳ್ಳ.”

ಮರುದಿನ ಗೋಡೆಗೆ ಬೆರಳಗಲದ ತೂತು ಕೊರೆದು, ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಒಳಗೆ ಮಣ್ಣು ಜಾರಿ ಪೊಳ್ಳಾಗಿತ್ತು. ತಿಂಗಳೊಳಗೆ ಕಾಗದ ಬಂತು. ಗೋಡೆ ಹೊರಗೆ ಬಿದ್ದರೆ ಎಲ್ಲಿಯತನಕ ಬಿದ್ದೀತೆಂದು, ಗೋಡೆಯ ಎತ್ತರದ ಒಂದೂವರೆಯಷ್ಟು ದೂರಕ್ಕೆ ಬಯಲಿನಲ್ಲಿ ಬಿಳಿ ಗೆರೆ ಎಳೆದು, ಅದರೊಳಗೂ ಯಾರೂ ಕೂರಬಾರದೆಂದು ವಿದ್ಯಾ ಹೇಳಿ ಹೋದಳು.

ಕಮಿಟಿ ಕೂಡಿದಾಗ ರಾಜಪ್ಪನೇ ಕೇಳಿದ. “ಈ ತಪ್ಪ ಯಾರದು?”

“ನಂದು,” ಎಂದ ಉದ್ದಪ್ಪ. ಒಮ್ಮೆ ರಾಜಪ್ಪನ ಮುಖ ನೋಡಿದ. ರಾಜಪ್ಪ ತಲೆ ಎತ್ತಿ ಮಾಡಿನ ಕಡೆ ನೋಡುತ್ತಿದ್ದ.

ಸಾತವ್ವನಿಗೆ ಅವನು ಎಲ್ಲವನ್ನೂ ಹೇಳಿದ್ದು ಆವತ್ತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಕಲ್ಲ ಕದ್ದಾಂವ ಅಂವ. ಹೆಸರ ಯಾಕ ಹೇಳಲಿಲ್ಲ?” ಎಂದಳು.

“ಕದ್ದಾಂವ ಅಂವ. ಬೊಟ್ಟ ಇಟ್ಟಾಂವ ನಾ.”

ಆಮೇಲೆ ಊರಿನಲ್ಲಿ ಯಾರೂ ಅವನ ಕೈಯಲ್ಲಿ ದನದ ಗೋದಲಿಯನ್ನೂ ಕಟ್ಟಿಸಲಿಲ್ಲ. ಐತವಾರದ ಪ್ರಾರ್ಥನೆ ರಾಜಪ್ಪನ ಅಂಗಳದ ತಗಡಿನ ಕೆಳಗೆ ನಡೆಯತೊಡಗಿತು. ಅಲ್ಲಿಗೆ ಹೋಗಬೇಕಾದರೆ ಉದ್ದಪ್ಪ ಆ ಮೆಟ್ಟಿಲುಗಳನ್ನು ಹತ್ತಬೇಕಿತ್ತು. ಅವನು ಹೋಗಲಿಲ್ಲ. ದೇವರನ್ನೂ ಬಿಟ್ಟ ಎಂದರು.

* * *

“ಯಕ್ಕಾ, ಕೈ ಸೋಲಾಕತ್ತಾವ,” ಎಂದ ಕಲ್ಲಪ್ಪ.

ಸಾತವ್ವ ರಾಜಪ್ಪನ ಹತ್ತಿರಕ್ಕೆ ಹೋದಳು. ದನಿ ತಗ್ಗಿಸಿದಳು. “ಕೀಲಿ ತಗೀತಿಯೋ, ನಿನ್ನ ಮನಿ ಮೆಟ್ಟಿಲಾ ಎಲ್ಲಿಂದ ಬಂದೂವು ಅಂತ ಅಯ್ಯನೋರ ಮುಂದ ಹೇಳಲ್ಯೋ?”

ರಾಜಪ್ಪನ ಮುಖ ಒಂದು ಕ್ಷಣ ಬಿಗಿಯಿತು. ಮರುಕ್ಷಣ ಸಡಿಲಾಯಿತು; ಏನೋ ಹೊಳೆದವನಂತೆ ಅವನು ಜೇಬಿಗೆ ಕೈ ಹಾಕಿದ.

“ಆತು, ಆತು. ಉದ್ದಪ್ಪೇನ ಹೊರಗಿನಾಂವೇನ? ನಮ್ಮಾಂವ,” ಎಂದ ಎಲ್ಲರಿಗೂ ಕೇಳುವಂತೆ. “ಇಂಜಿನಿಯರ್ ಬಾಯಿನೂ ಬಂದಾರಲ್ಲ, ಅವರ ಹೇಳ್ಲಿ.”

ಮುಂಜಾನೆಯ ಬಸ್ಸಿಗೇ ಬಂದು ಬಿಳಿ ಗೆರೆಯ ಆಚೆ ನಿಂತಿದ್ದ ವಿದ್ಯಾಳ ಕಡೆ ಎಲ್ಲರೂ ತಿರುಗಿದರು. ಅವಳು ಸಾತವ್ವನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. “ಐದ ನಿಮಿಷ. ಹೊತ್ತಾವರು, ಕಾಕೂ, ಅಯ್ಯನೋರು, ಅಷ್ಟ ಮಂದಿ. ನಾ ನೋಡಿಲ್ಲ ಅಂತೇನಿ,” ಎಂದಳು.

“ಅಷ್ಟ ಮಂದಿ ಯಾಕ?” ರಾಜಪ್ಪ ಕೈ ಎತ್ತಿದ. “ಎಲ್ಲಾರೂ ಬರ್ರಿ! ಒಳಗ ಹೋಗೂಣು, ಪ್ರಾರ್ಥನಾ ಮಾಡೂಣು, ಹೊರಗ ಬರೂಣು. ಇಷ್ಟ ಮಂದಿ ಹೋಗಿ ಬಂದ್ರೂ ಏನೂ ಆಗಲಿಲ್ಲ ಅಂದ್ರ ಆತಲ್ಲ? ಕಾಗದ ಹರದ ಒಗದು ಬರೂ ಐತವಾರದಿಂದ ಇಲ್ಲೇ ಚಾಲೂ. ಕೀಲಿ ಹಾಕಿಸಿದಾಂವನ ಬಂದು ತಗಸಿದಾ ಅನ್ನೂಣು.”

ಜನ ಹುರುಪಿನಿಂದ ಎದ್ದರು. “ನೋಡ್ರಿ, ಸತ್ತ ಮ್ಯಾಲರೆ ಒಂದ ಚೊಲೋ ಕೆಲಸಾ ಮಾಡಿದಾ,” ಎಂದಳು ಬಾಳವ್ವ, ಈ ಸಲ ನಿಜವಾದ ಸಂತೋಷದಿಂದ.

ಕೀಲಿಕೈ ತಿರುಗಿತು. ಬಾಗಿಲು ಕಿರುಗುಟ್ಟಿ ತೆರೆದಾಗ ಒಳಗಿನಿಂದ ಬಾವಲಿಯ, ಹಳೆ ಸುಣ್ಣದ ತಂಪು ವಾಸನೆ ಬಂತು. ದೂರದಲ್ಲಿ ದೇವರ ಮೇಜು. ಅದರ ಮುಂದೆ ಪೆಟ್ಟಿಗೆ ಇಡುವ ಎರಡು ಮರದ ಕುದುರೆ ಹಾಗೆಯೇ ಇದ್ದವು. ಸಾತವ್ವ ಹೊಸ್ತಿಲ ಮೇಲೆ ಕಾಲಿಟ್ಟಳು. ಅಷ್ಟರಲ್ಲಿ ಅವಳ ಎರಡೂ ಬದಿಯಿಂದ ನುಗ್ಗಿದ ಹೆಂಗಸರು ಸುತ್ತಿಟ್ಟ ಚಾಪೆಯನ್ನು ಬಿಡಿಸಿ, ಧೂಳು ಕೊಡವಿ, ಉತ್ತರದ ಗೋಡೆಯ ಬುಡಕ್ಕೆ ಹಾಸಿದರು. ತಂತಮ್ಮ ಹಳೆಯ ಜಾಗ ಹುಡುಕಿ ಕೂರತೊಡಗಿದರು. ಒಂದು, ಎರಡು, ಮೂರು. ಸಾತವ್ವನಿಗೆ ತಾನು ಎಣಿಸುತ್ತಿದ್ದೇನೆಂದು ತಿಳಿದದ್ದು ಹನ್ನೊಂದಕ್ಕೆ ಬಂದಾಗ.

“ಏಳ್ರಿ,” ಎಂದಳು. “ಬಾಗಲಾ ಹಾಕು ರಾಜಪ್ಪಣ್ಣಾ. ಇಂವ ಒಳಗ ಬರೂದಿಲ್ಲ.”

“ಹುಚ್ಚ ಹಿಡದೈತೇನ ನಿನಗ? ಮುಂಜಾನಿಂದ ನೀನ ಅಲ್ಲೇನ—”

“ನಾನ. ಈಗೂ ನಾನ ಹೇಳಾಕತ್ತೇನಿ. ಹೆದರ್ಕೋತ ಹೆದರ್ಕೋತ ಜನ್ಮದಾಗ ಒಂದ ಖರೆ ಹೇಳ್ಯಾನ ಅಂವ. ಅವನ ಹೆಣಾ ಇಟ್ಕೊಂಡು ಅದನ್ನ ಸುಳ್ಳ ಮಾಡಬ್ಯಾಡ್ರಿ. ಏಳ್ರಿ ಹೊರಗ!”

“ಹಠ, ಬರೇ ಹಠ,” ಎಂದರು ಯಾರೋ. ಹೆಂಗಸರು ಗೊಣಗುತ್ತ ಎದ್ದರು. ಕೂತಲ್ಲಿಂದ ಎಬ್ಬಿಸಿಕೊಂಡ ಬಾಳವ್ವ ಸಾತವ್ವನ ಮುಖಕ್ಕೆ ಮುಖ ತಂದು, “ನಿನ್ನ ಗಂಡ ಕೆಟ್ಟ ಗ್ವಾಡಿ ಕಟ್ಟಿದ್ದಕ್ಕ ನಮ್ಮನ್ನ ಯಾಕ ಬೀದಿಗೆ ಹಾಕ್ತಿ?” ಎಂದಳು.

ಆಗ ಸಾತವ್ವ ಹೇಳಿಬಿಟ್ಟಳು. ಮೂವತ್ತೆರಡು ಕಲ್ಲು ಬಂದದ್ದು, ಇಪ್ಪತ್ತೆಂಟು ಹೋದದ್ದು, ಎಲ್ಲಿಗೆ ಹೋದದ್ದು. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

“ಮೂವತ್ತೈದ ವರ್ಷ ಎಲ್ಲಿ ಹೋಗಿತ್ತವಾ ಈ ಬಾಯಿ?” ಎಂದ ರಾಜಪ್ಪ, ಸಿಟ್ಟಿಲ್ಲದೆ, ಮಗುವಿಗೆ ಕೇಳಿದಂತೆ. “ಹೆಣದ ಮುಂದ ನಿಂತಾಳ, ನಾ ಏನ ಅನ್ನಲಿ.”

“ಕಲ್ಲಪ್ಪಾ, ಗಾಡಿ ಹೊಡದಾಂವ ನೀ. ಹೇಳು.”

ಕಲ್ಲಪ್ಪನ ಮಗ ಈಗ ರಾಜಪ್ಪನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕಲ್ಲಪ್ಪ ಪೆಟ್ಟಿಗೆಯ ಕೆಳಗೆ ತಲೆ ಇನ್ನಷ್ಟು ಬಾಗಿಸಿದ.

“ಹಳೇ ಮಾತ ಯಕ್ಕಾ,” ಎಂದ. “ಎಲ್ಲಿ ಇಡೂಣ ಹೇಳು.”

ಸಾತವ್ವ ಬಯಲಿನ ಕಡೆ ಕೈ ಮಾಡಿದಳು.

“ಗೆರಿ ಆಚೆ ಇಡು.”

“ಅಲ್ಲಿ ಬಿಸಿಲೈತಿ.”

“ಇರ್ಲಿ.”

* * *

ಬಿಳಿ ಗೆರೆ ದಾಟಿ, ಬಟಾಬಯಲಿನಲ್ಲಿ ಪೆಟ್ಟಿಗೆ ಇಳಿಸಿದರು. ಪೆಟ್ಟಿಗೆಗೆ ಹೊಸದಾಗಿ ಹೊಡೆದ ಹಲಗೆಯ ಮೇಲೆ ಫೆಬ್ರುವರಿಯ ಬಿಸಿಲು ಬಿದ್ದು ಅಂಟು ಜಿನುಗುತ್ತಿತ್ತು. ಸಾತವ್ವ ಅದರ ಬಾಜೂ ನೆಲದ ಮೇಲೆ ಕೂತಳು. ಹೆಗಲು ಉಜ್ಜಿಕೊಳ್ಳುತ್ತ ನಾಲ್ವರೂ ಅತ್ತಿತ್ತ ನೋಡಿದರು. ಬಯಲಿನಲ್ಲಿ ಮರವಿರಲಿಲ್ಲ. ನೆರಳು ಎಂದು ಇದ್ದದ್ದು ಒಂದೇ ಕಡೆ, ಉತ್ತರದ ಗೋಡೆಯ ಬುಡದಲ್ಲಿ ಎಂಟು ಹತ್ತು ಅಡಿಯ ಒಂದು ಪಟ್ಟಿ.

ಮೊದಲು ಬಾಳವ್ವ ಹೋದಳು. ಹಿಂದೆ ಹೆಂಗಸರು, ಆಮೇಲೆ ಗಂಡಸರು. ಯಾರೋ ರಾಜಪ್ಪನಿಗೆ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಕಲ್ಲಪ್ಪನೂ ಹೋಗಿ ಕುರ್ಚಿಯ ಹಿಂದೆ ಕುಕ್ಕರುಗಾಲಲ್ಲಿ ಕೂತ.

“ಅಲ್ಲಿ ಬ್ಯಾಡ್ರಿ! ಈ ಕಡೆ ಬರ್ರಿ, ಗೆರಿ ಆಚೆ ಬರ್ರಿ!” ವಿದ್ಯಾ ಓಡಿ ಹೋಗಿ ಕೈಮುಗಿದಳು. “ಇವತ್ತ ಏನೂ ಆಗಂಗಿಲ್ಲ ಅಂತ ಯಾರರೆ ಹೇಳಾಕ ಆಗ್ತೈತೇನ್ರಿ?”

“ನೀ ಬಿಸಿಲಾಗ ಕುಂದರವಾ, ನೀ ಕಲತಾಕಿ,” ಎಂದ ಒಬ್ಬ. “ನಮಗ ತಲಿ ನೋಯ್ತೈತಿ.” ಎಲ್ಲರೂ ನಕ್ಕರು. ಹೆಣ ಹೊತ್ತು ಬಂದಾಗಿನಿಂದ ಮೊದಲ ಸಲ ಬಾಯಿಬಿಟ್ಟು ನಕ್ಕದ್ದು.

ಪಾದ್ರಿ ಪುಸ್ತಕ ಹಿಡಿದು ಎರಡರ ನಡುವೆ ನಿಂತಿದ್ದರು. ಪೆಟ್ಟಿಗೆಯ ಕಡೆ ಒಮ್ಮೆ, ಜನರ ಕಡೆ ಒಮ್ಮೆ ನೋಡಿದರು. ಹಣೆಯ ಬೆವರು ಒರೆಸಿಕೊಂಡರು. ಮೆಲ್ಲಗೆ ನಡೆದು ನೆರಳಿನ ಅಂಚಿಗೆ ಹೋಗಿ, ಅಲ್ಲಿಂದಲೇ ಪೆಟ್ಟಿಗೆಗೆ ಕೇಳುವಂತೆ ದನಿ ಏರಿಸಿ ಓದತೊಡಗಿದರು.

ವಿದ್ಯಾ ಬಂದು ಸಾತವ್ವನ ಪಕ್ಕ ಕೂತಳು.

ಹೊತ್ತು ಏರಿತು. ನೆರಳು ಗೇಣು ಗೇಣಾಗಿ ಗೋಡೆಯ ಕಡೆ ಸರಿಯಿತು. ಕಾಲಬೆರಳಿಗೆ ಬಿಸಿಲು ತಾಗಿದಾಗಲೆಲ್ಲ ಜನ ಕೂತಲ್ಲೇ ಒಂದಿಷ್ಟು ಹಿಂದಕ್ಕೆ ಜರುಗುತ್ತಿದ್ದರು. ಪಾದ್ರಿಯೂ ಓದುತ್ತ ಓದುತ್ತ ಒಂದು ಹೆಜ್ಜೆ ಹಿಂದಿಟ್ಟರು, ಮತ್ತೊಂದು ಹೆಜ್ಜೆ. ರಾಜಪ್ಪನ ಕುರ್ಚಿಯ ಬೆನ್ನು ಕಲ್ಲಿಗೆ ತಾಗಿ ನಿಂತಿತು. ಎರಡನೆಯ ಪ್ರಾರ್ಥನೆಯ ಹೊತ್ತಿಗೆ ಒಂದು ಸಾಲು ಬೆನ್ನುಗಳೆಲ್ಲ ಗೋಡೆಗೆ ಒರಗಿದ್ದವು. ಯಾರದೋ ಸೊಸೆಯ ಮಡಿಲಲ್ಲಿ ಕೂಸು ಸೆಕೆಗೆ ಕಿರಿಕಿರಿ ಮಾಡುತ್ತಿತ್ತು. ಬಾಳವ್ವ ಅದನ್ನು ಎತ್ತಿಕೊಂಡು, ಗೋಡೆಯ ಬುಡದ ತಣ್ಣನೆಯ ನೆಲದ ಮೇಲೆ ತನ್ನ ಶಾಲು ಮಡಚಿ ಹಾಸಿದಳು. ಕೂಸನ್ನು ಕಲ್ಲಿಗೆ ಅಂಟಿಸಿದಂತೆ ಮಲಗಿಸಿ, ಮೆಲ್ಲಗೆ ತಟ್ಟುತ್ತ, ಉಳಿದವರ ಜೊತೆ ಕಣ್ಣು ಮುಚ್ಚಿದಳು.